ತೂತು ಕೂಡದಿದ್ದರೆ ಸುತ್ತಿಗೆ ಬೇಡ

ಕಬ್ಬಿಣದ ಮೇಜಿಗೆ ಕಾಲು ಜೋಡಿಸುವುದನ್ನು ನೋಡಿದ್ದೀರಾ? ಮೂರು ಬೋಲ್ಟು ಸಲೀಸಾಗಿ ಕೂರುತ್ತವೆ. ನಾಲ್ಕನೆಯ ತೂತು ಮಾತ್ರ ಒಂದು ಮಿ.ಮೀ.ಯಷ್ಟು ಸರಿದಿರುತ್ತದೆ. ನಾನೂ ಒಮ್ಮೆ ಸುತ್ತಿಗೆಯಿಂದ ಬಡಿದೇ ಕೂರಿಸಿದೆ. ಥ್ರೆಡ್ ಕೆಟ್ಟು ನಟ್ಟು ಅರ್ಧಕ್ಕೇ ನಿಂತಿತು. ತಿಂಗಳೊಳಗೆ ಮೇಜು ಅಲುಗತೊಡಗಿತು.

ತಪ್ಪು ನಾಲ್ಕನೆಯದರದ್ದಲ್ಲ, ಮೊದಲ ಮೂರನ್ನು ಬಿಗಿದುಬಿಟ್ಟ ನನ್ನದು. 10 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 11 ಮಿ.ಮೀ. ತೂತು ಕೊರೆಯುತ್ತಾರೆ. ಆ 1 ಮಿ.ಮೀ. ಸಡಿಲವೇ ಭಾಗಗಳು ಅತ್ತಿತ್ತ ಸರಿದುಕೊಳ್ಳಲು ಇರುವ ಜಾಗ. ಮೂರನ್ನೂ ಬಿಗಿದ ಮೇಲೆ ಸರಿಯುವುದೆಲ್ಲಿಂದ ಬಂತು? ಅದಕ್ಕೇ ನಾಲ್ಕನ್ನೂ ಮೊದಲು ಬರಿಗೈಯಲ್ಲಿ ತಿರುಗಿಸಿ ಕೂರಿಸಿ. ಆಮೇಲೆ ಸ್ಪ್ಯಾನರ್ (ನಮ್ಮ ಸೊಲ್ಲಾಪುರದ ಕಡೆ ಪಾನಾ ಅಂತೀವಿ) ಹಿಡಿದು, ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಇಷ್ಟಾದರೂ ಕೂಡದಿದ್ದರೆ? ಉರುಟು ಅರದಿಂದ ತೂತನ್ನು ಬೇಕಾದ ಕಡೆಗಷ್ಟೇ ಉದ್ದ ಮಾಡಿ, ಅಗಲವಾದ ವಾಷರ್ ಹಾಕಿ. ಹಿಡಿತ ಹೋಗೋದಿಲ್ಲವೇ ಅಂತ ಕೇಳಬಹುದು. ಬಿಗಿದ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗಿ, ರಬ್ಬರ್ ಬ್ಯಾಂಡಿನ ಹಾಗೆ ಎರಡೂ ಪಟ್ಟಿಗಳನ್ನು ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಅವು ಜಾರದಂತೆ ತಡೆಯುವುದು. ನಿಮ್ಮ ಸೈಕಲ್ಲಿನ ಹಿಂದಿನ ಚಕ್ರದ ಅಚ್ಚು ಕೂರುವ ಸೀಳನ್ನು ನೋಡಿ: ಚೈನು ಬಿಗಿ ಮಾಡಲೆಂದೇ ಅದನ್ನು ಉದ್ದ ಬಿಟ್ಟಿರುತ್ತಾರೆ. ನಟ್ಟು ಸರಿಯಾಗಿ ಬಿಗಿದಿದ್ದರೆ ಎಷ್ಟು ತುಳಿದರೂ ಚಕ್ರ ಜರುಗದು.