ತಾಯಿಯಾಗುವವಳ ಮನಸ್ಸು

ತೊಟ್ಟಿಲು ತೂಗುವ ಕೈಗೆ ಬಲ ಬೇಕೆಂಬದನ್ನು ಎಲ್ಲರೂ ಬಲ್ಲರು. ಆ ತಾಯಿಯ ಮನಸ್ಸಿಗೂ ಆಸರೆ ಬೇಕೆಂಬದನ್ನು ಬಲ್ಲವರು ವಿರಳ. ಶರಣರು ಅಂತರಂಗಶುದ್ಧಿಯನ್ನು ಬೋಧಿಸಿದರು. ವ್ಯಾಧಿಯನ್ನು ಅಶುದ್ಧಿಯೆಂದೆಣಿಸುವದು ಆ ಬೋಧೆಯ ತಾತ್ಪರ್ಯವಲ್ಲ.

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಮನೋವ್ಯಾಧಿಯುಂಟು. ಎರಡು ಬಗೆಯ ಮನೋರೋಗಗಳ ಗಡಿಯಲ್ಲಿರುವವರೆಂದು 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ವೈದ್ಯರು ಇಂಥ ರೋಗಿಗಳನ್ನು ವರ್ಣಿಸಿದರು. ಗಡಿಯೆಂಬ ಹೆಸರು ಅಂದಿನಿಂದ ಉಳಿದಿದೆ. ಈ ವ್ಯಾಧಿಯುಳ್ಳವರಲ್ಲಿ ಪ್ರೀತಿ, ಕೋಪ, ದುಃಖಗಳು ಕ್ಷಣಾರ್ಧದಲ್ಲಿ ಉಕ್ಕುವವು. ತಮ್ಮವರು ತಮ್ಮನ್ನು ತೊರೆದಾರೆಂಬ ಭಯವು ಎಡೆಬಿಡದೆ ಕಾಡುವದು. ಕೆಲವರು ತಮ್ಮ ದೇಹಕ್ಕೇ ಗಾಯ ಮಾಡಿಕೊಳ್ಳುವರು. ಇದು ಹಟವಲ್ಲ, ಸಂಸ್ಕಾರದ ಕೊರತೆಯೂ ಅಲ್ಲ.

ಇಂಥವಳೊಬ್ಬಳು ಖಾನಾಪುರ ತಾಲೂಕಿನ ಹಳ್ಳಿಯಿಂದ ಬೆಳಗಾವಿಗೆ ಸೊಸೆಯಾಗಿ ಬಂದಿರುವಳೆಂದು ಭಾವಿಸಿರಿ. ರೂಢಿಯಂತೆ ಚೊಚ್ಚಲ ಬಾಣಂತನಕ್ಕೆ ಆಕೆ ತವರಿಗೆ ತೆರಳುವಳು. ಹಾದಿ ದೂರದ್ದಲ್ಲ, ಆದರೆ ಸಹ್ಯಾದ್ರಿಯ ಮಳೆಗಾಲದಲ್ಲಿ ಪತಿಯ ಬರವು ಎರಡು ವಾರ ತಪ್ಪಿದರೆ, ಇತರರಿಗೆ ಬೇಸರವಾಗುವದು ಆಕೆಗೆ ಪರಿತ್ಯಾಗವಾಗಿ ತೋರುವದು. ತಿಂಗಳುಗಳ ನಂತರ ಮರಳುವಾಗ ತಾಯಿಯ ಅಗಲಿಕೆ ಇನ್ನೊಂದು ಗಾಯ. ನಡುವೆ ನಿದ್ರೆಯಿಲ್ಲದ ರಾತ್ರಿಗಳು. ರೂಢಿಯನ್ನು ಬಿಡಬೇಕೆಂದಲ್ಲ, ಅದಕ್ಕೆ ಪೂರ್ವಸಿದ್ಧತೆ ಬೇಕು. ಗರ್ಭ ನಿಲ್ಲುವ ಮೊದಲೇ ಮನೋವೈದ್ಯರನ್ನು ಕಾಣತಕ್ಕದ್ದು. ಔಷಧವನ್ನು ತಾನಾಗಿಯೇ ನಿಲ್ಲಿಸಲಾಗದು. ಪತಿಯು ಬರುವ ದಿನಗಳನ್ನು ಮೊದಲೇ ಗೊತ್ತುಪಡಿಸಬೇಕು. ರಾತ್ರಿಯ ಕೆಲವು ತಾಸು ಕೂಸನ್ನು ಬೇರೊಬ್ಬರು ನೋಡಿಕೊಂಡು ಆಕೆಗೆ ನಿದ್ರೆ ದೊರಕಿಸಬೇಕು. ಸಾವಿನ ಮಾತನ್ನಾಡಿದರೆ ಗದರಿಸದೆ, ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ಈ ವ್ಯಾಧಿಗೆ ಉಪಶಮನವುಂಟು. ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಚಿಕಿತ್ಸೆಯು ರೋಗಿಯನ್ನು ಇದ್ದಂತೆಯೇ ಒಪ್ಪಿಕೊಳ್ಳುವದು, ಬದಲಾಗುವ ಬಗೆಯನ್ನೂ ಜೊತೆಗೇ ಕಲಿಸುವದು. ಯೌವನದಲ್ಲಿ ತಾನೂ ಇಂಥ ಸಂಕಟವನ್ನುಂಡುದನ್ನು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿದಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮಗುವನ್ನು ಜೊತೆಯಲ್ಲಿಯೇ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವು 2009ರಲ್ಲಿ ಆರಂಭವಾಯಿತು. ಚಿಕಿತ್ಸಾಲಯದಲ್ಲಿರುವ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸಿದೆ. ಮಗುವಿಗೆ ಅಪಾಯವಿದ್ದಲ್ಲಿ ಮಾತ್ರ ತಾತ್ಕಾಲಿಕ ವಿನಾಯಿತಿ.

ಶಿಶುವಿಗೆ ಎಂದೂ ಸಿಡುಕದ ತಾಯಿ ಬೇಕಿಲ್ಲ. ಸಿಡುಕಿದ ಮೇಲೆ ಮರಳಿ ಬಂದು ಎತ್ತಿಕೊಳ್ಳುವ ತಾಯಿ ಸಾಕು. ಆಕೆಯು ಸಿಡುಕಿದಾಗ ಮನೆಯವರೂ ಮುಖ ತಿರುಗಿಸದೆ, ತಾವು ಬಿಟ್ಟುಹೋಗುವವರಲ್ಲವೆಂಬದನ್ನು ನಡೆಯಿಂದ ತೋರಿಸಬೇಕು. ನುಡಿದಂತೆ ನಡೆಯಬೇಕೆಂಬ ಶರಣಮಾರ್ಗಕ್ಕೆ ಬಾಣಂತಿಯ ಕೋಣೆಯೂ ಹೊರತಲ್ಲ.