ಇಳಿಯುವ ಮೊದಲು ಏರುವ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ನಾವು ಕೆಲವು ಗೆಳೆಯರು ಈಜಿಪ್ಟಿನ ದಹಾಬ್‌ನಲ್ಲಿರುವ ಬ್ಲೂ ಹೋಲ್‌ಗೆ ಹೋಗುವ ತಯಾರಿಯಲ್ಲಿದ್ದೇವೆ. ಕೆಂಪು ಸಮುದ್ರದ ದಂಡೆಗೆ ಅಂಟಿಕೊಂಡೇ ಇರುವ, ಸುಮಾರು 100 ಮೀಟರ್ ಆಳದ ಕುಳಿ ಅದು. ದೋಣಿ ಬೇಕಿಲ್ಲ, ದಡದಿಂದಲೇ ನೀರಿಗಿಳಿಯಬಹುದು. ವಿಮಾನ ನಿಲ್ದಾಣ ನಮ್ಮ ಜಿಲ್ಲೆಯಲ್ಲೇ ಇದೆ, ಹೊರಡುವುದು ಕಷ್ಟವಲ್ಲ. ಆದರೆ ಇಂಥ ಪ್ರವಾಸದ ಲೆಕ್ಕವನ್ನು ಕೊನೆಯಿಂದ ಶುರುಮಾಡಬೇಕು. ಊರಿಗೆ ಮರಳುವುದು ಯಾವಾಗ, ನೀರಿನಿಂದ ಮೇಲೆ ಬರುವುದು ಹೇಗೆ ಎಂಬುದು ಗೊತ್ತಾದ ಮೇಲೆಯೇ ಎಷ್ಟು ಆಳಕ್ಕೆ ಇಳಿಯಬೇಕೆಂಬ ಮಾತು.

ಈ ಕುಳಿಗಳು ಸುಣ್ಣಕಲ್ಲಿನ ನೆಲದಲ್ಲಿ ಆಗುವಂಥವು. ಹಿಮಯುಗದಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿದ್ದಾಗ, ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಗುಹೆಗಳಾದವು. ಚಾವಣಿ ಕುಸಿಯಿತು, ಆಮೇಲೆ ಕಡಲು ಏರಿ ತುಂಬಿಕೊಂಡಿತು. ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್‌ನಲ್ಲಿ ಸುಮಾರು 40 ಮೀಟರ್ ಆಳದಲ್ಲಿ ತೂಗುವ ಕಲ್ಲಿನ ಕೊಂಬುಗಳೇ ಇದಕ್ಕೆ ಸಾಕ್ಷಿ, ಅವು ನೀರಿನೊಳಗೆ ಬೆಳೆಯುವುದಿಲ್ಲ. 1971ರಲ್ಲಿ ಕಡಲ ಶೋಧಕ ಝಾಕ್ ಕೂಸ್ಟೋ ತಮ್ಮ ಕ್ಯಾಲಿಪ್ಸೊ ಹಡಗಿನಲ್ಲಿ ಅಲ್ಲಿಗೆ ಹೋದ ಮೇಲೆ ಅದು ಜಗತ್ತಿಗೆಲ್ಲ ಪರಿಚಯವಾಯಿತು. ನಂದಿಬೆಟ್ಟದಂಥ ಗಟ್ಟಿ ಕಲ್ಲಿನ ನಮ್ಮ ಸೀಮೆಯಲ್ಲಿ ಹೀಗೆ ಕರಗುವ ನೆಲವಿಲ್ಲ.

ಡೈವಿಂಗ್ ಕಲಿಯಲು ಹತ್ತಿರದ ಪಾಠಶಾಲೆ ನಮಗೆ ನೇತ್ರಾಣಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕಾದ ದ್ವೀಪ, ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ತೋಟದ ಬಾವಿಯಲ್ಲಿ ಈಜು ಕಲಿತವನಿಗೆ ಅಲ್ಲಿ ಮೊದಲು ಮರೆಯಬೇಕಾದದ್ದು ಉಸಿರು ಕಟ್ಟುವ ಅಭ್ಯಾಸ. ಬಾವಿಯಲ್ಲಿ ಉಸಿರು ಹಿಡಿದಷ್ಟೂ ಜಾಣ. ಸ್ಕೂಬಾದಲ್ಲಿ ಉಸಿರು ಕಟ್ಟಿ ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ನಮ್ಮ ಜಿಲ್ಲೆಯಲ್ಲಿ ನೀರು ತುಂಬಿದ ಹಳೇ ಕಲ್ಲುಕ್ವಾರಿಗಳಲ್ಲಿ ‘ಅಭ್ಯಾಸ’ ಮಾಡುತ್ತೇವೆನ್ನುವ ಹುಡುಗರಿಗೆ ನಾನು ಕೈಮುಗಿದು ಹೇಳುತ್ತೇನೆ, ಬೇಡ ಕಣ್ರಪ್ಪ.

ಇನ್ನು ಆಳದ ಲೆಕ್ಕ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 40 ಮೀಟರಿನಲ್ಲಿ ಒತ್ತಡ ಐದು ಪಟ್ಟು, ಪ್ರತಿ ಉಸಿರಿಗೆ ಖರ್ಚಾಗುವ ಗಾಳಿಯೂ ಐದು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವನು ಅಲ್ಲಿ 100 ಲೀಟರ್ ಎಳೆಯುತ್ತಾನೆ. 12 ಲೀಟರಿನ ಸಿಲಿಂಡರನ್ನು 200 ಬಾರ್‌ಗೆ ತುಂಬಿದರೆ ಸಿಗುವುದು 2,400 ಲೀಟರ್. ಇಳಿಯಲು, ಏರಲು, ಆಪತ್ತಿಗೆಂದು ಎತ್ತಿಟ್ಟರೆ ಉಳಿಯುವುದು ಅಷ್ಟಕ್ಕಷ್ಟೆ. ಗಾಳಿಯ ಮಾತು ಬದಿಗಿಟ್ಟರೂ ಸಾರಜನಕವಿದೆ. ಒತ್ತಡದಲ್ಲಿ ಅದು ರಕ್ತದಲ್ಲಿ ಕರಗುತ್ತದೆ, ನಿಧಾನವಾಗಿ ಏರಿದರೆ ಉಸಿರಿನೊಂದಿಗೆ ಹೊರಹೋಗುತ್ತದೆ, ಅವಸರ ಮಾಡಿದರೆ ಕೀಲು, ಬೆನ್ನುಹುರಿಗಳಲ್ಲಿ ಗುಳ್ಳೆಯಾಗುತ್ತದೆ. ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಕೋಷ್ಟಕದ ಪ್ರಕಾರ 18 ಮೀಟರಿನಲ್ಲಿ 56 ನಿಮಿಷ, 30 ಮೀಟರಿನಲ್ಲಿ 20 ನಿಮಿಷ, 40 ಮೀಟರಿನಲ್ಲಿ ಬರೀ 9 ನಿಮಿಷ ಇರಬಹುದು. ಹವ್ಯಾಸಿಗಳಿಗೆ 40 ಮೀಟರೇ ಕೊನೆಯ ಗಡಿ. ಸುಮಾರು 30 ಮೀಟರ್ ದಾಟಿದರೆ ಸಾರಜನಕ ತಲೆಗೇರಿ ಅಮಲು ಬರುತ್ತದೆ, ಅಪಾಯವೇ ಅಪಾಯವೆನಿಸದಂತೆ.

ದಹಾಬ್‌ನಲ್ಲಿ ಹಲವರ ಜೀವ ಹೋದದ್ದು ಇಂಥ ಕಾರಣಗಳಿಗೇ. ಅಲ್ಲಿ ಸುಮಾರು 55 ಮೀಟರ್ ಆಳದಲ್ಲಿ ಕುಳಿಯಿಂದ ಹೊರಸಮುದ್ರಕ್ಕೆ ‘ಆರ್ಚ್’ ಎಂಬ ಕಮಾನಿನ ದಾರಿಯಿದೆ. ತಿಳಿನೀರಿನಲ್ಲಿ, ಹಿಂದಿನ ಬೆಳಕಿನಲ್ಲಿ ಅದು ಹತ್ತಿರವೇ ಇದ್ದಂತೆ ಕಾಣುತ್ತದಂತೆ. ಅದನ್ನು ಹಾಯಲು ಹೋಗಿ ಮರಳದವರ ಹೆಸರಿನ ಫಲಕಗಳು ದಡದ ಬಂಡೆಯ ಮೇಲಿವೆ. ನಮ್ಮ ಯೋಜನೆಯಲ್ಲಿ ಆರ್ಚ್ ಇಲ್ಲ. 30 ಮೀಟರಿಗೇ ನಿಲ್ಲುತ್ತೇವೆ. ಹವಳದ ಗೋಡೆಯ ಬಣ್ಣ, ಮೀನು ಎಲ್ಲ ಹೆಚ್ಚಾಗಿ ಇರುವುದು ಅದಕ್ಕೂ ಮೇಲೆಯೇ.

ಬಯಲುಸೀಮೆಯ ನಮಗೆ ವಿಶೇಷವಾಗಿ ಹೇಳಬೇಕಾದ ವಿಷಯವೊಂದಿದೆ. ಮೈಯಲ್ಲಿ ಉಳಿದ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲೂ ಗುಳ್ಳೆಯಾಗಬಹುದು. ಅದಕ್ಕೇ ಡೈವ್ ಆದ ಮೇಲೆ ವಿಮಾನ ಹತ್ತಲು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಅಂತರ, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ. ಈ ಲೆಕ್ಕ ಶುರುವಾಗುವುದು ಸುಮಾರು 600 ಮೀಟರ್ ಎತ್ತರದಿಂದ. ನಮ್ಮ ಊರುಗಳೇ ಸುಮಾರು 900 ಮೀಟರ್ ಎತ್ತರದಲ್ಲಿವೆ! ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಮಧ್ಯಾಹ್ನ ಮುರುಡೇಶ್ವರದಲ್ಲಿ ಕಾರು ಹತ್ತಿ, ಘಟ್ಟವೇರಿ ಅದೇ ರಾತ್ರಿ ನೆಲಮಂಗಲ ಸೇರಿದರೆ ನೆಲದ ಮೇಲೇ ವಿಮಾನ ಹತ್ತಿದ ಹಾಗೆ. ಮರುದಿನ ಬೆಳಗಿನ ಜಾವ 1,478 ಮೀಟರಿನ ನಂದಿಬೆಟ್ಟಕ್ಕೆ ಹೋಗುವವರೂ ಇದ್ದಾರೆ. ದಹಾಬ್‌ನಿಂದ ಪ್ರವಾಸಿಗರು ಹೋಗುವ ಸಿನಾಯ್ ಬೆಟ್ಟ 2,285 ಮೀಟರ್. ಅದನ್ನು ನಾವು ಪ್ರವಾಸದ ಮೊದಲಿಗೇ ಹಾಕಿಕೊಂಡಿದ್ದೇವೆ, ಡೈವ್ ಆಮೇಲೆ. ಹೊರಡುವ ಹಿಂದಿನ ದಿನ ಯಾರೂ ನೀರಿಗಿಳಿಯುವುದಿಲ್ಲ.

ವೀಸಾ, ವಿಮೆಗಳಲ್ಲಿ ಒಂದನ್ನು ಮಾತ್ರ ಗಮನಿಸಿ: ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಆಳದವರೆಗೆ ಎಂದು ಓದಿಯೇ ಸಹಿ ಮಾಡಿ. ಕಿವಿ, ಸೈನಸ್, ಆಸ್ತಮಾ ತೊಂದರೆಯಿದ್ದರೆ ವೈದ್ಯರಲ್ಲಿ ಮುಚ್ಚಿಡಬೇಡಿ. ಸಾರಜನಕದ ಗುಳ್ಳೆಗೆ ಚಿಕಿತ್ಸೆ ಕೊಡುವ ರಿಕಂಪ್ರೆಶನ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.

ಈ ಸೀಸನ್ನಿನಲ್ಲಿ ನೇತ್ರಾಣಿಗೆ ಹೋಗುವ ನಮ್ಮ ಜಿಲ್ಲೆಯವರು ದಯವಿಟ್ಟು ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೇ ಉಳಿದುಕೊಳ್ಳಿ.