ಮನಸ್ಸಿಟ್ಟ ಸೊರೊರಿಟಿ ಕೈಬಿಟ್ಟಾಗ

ಅಮೆರಿಕದ ಕಾಲೇಜುಗಳಲ್ಲಿ ಸೊರೊರಿಟಿಗೆ, ಅಂದರೆ ವಿದ್ಯಾರ್ಥಿನಿಯರ ಸಂಘಕ್ಕೆ, ಸೇರಿಸಿಕೊಳ್ಳುವ ಪ್ರಕ್ರಿಯೆಗೆ ಹುಡುಗಿಯರು ‘ರಶ್’ ಅನ್ನುತ್ತಾರೆ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಅದು ಆಗಸ್ಟ್‌ನಲ್ಲೇ ಶುರು. ಸುತ್ತಿನಿಂದ ಸುತ್ತಿಗೆ ಕರೆಯುವ ‘ಮನೆಗಳು’, ಅಂದರೆ ಸೊರೊರಿಟಿಗಳು, ಕಡಿಮೆಯಾಗುತ್ತವೆ. ನಿನ್ನೆ ನಗುನಗುತ್ತ ಮಾತಾಡಿಸಿದ ಮನೆಯ ಹೆಸರು ಇವತ್ತಿನ ಪಟ್ಟಿಯಲ್ಲಿಲ್ಲ. ಯಾಕೆಂದು ಯಾರೂ ಹೇಳುವುದಿಲ್ಲ. ಈಗಷ್ಟೇ ಮನೆ ಬಿಟ್ಟು ಬಂದ ಹುಡುಗಿಗೆ ಇದು ಸಣ್ಣ ನೋವಲ್ಲ.

1. ಅಳು ಬಂದರೆ ಅತ್ತುಬಿಡಿ. ಆಮೇಲೆ ಫೋನು ದೂರವಿಡಿ. 2021ರಿಂದ ಟಿಕ್‌ಟಾಕ್‌ನಲ್ಲಿ ಹರಿದಾಡುತ್ತಿರುವ ‘ಬಾಮಾ ರಶ್’ (ಅಲಬಾಮಾದ ರಶ್) ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ಜಾಗ ಸಿಕ್ಕವರ ಸಂಭ್ರಮವೇ.

2. ಲೆಕ್ಕ ತಿಳಿದುಕೊಳ್ಳಿ. ಇದು ಹಲವರಿಗೆ ಮೊದಲೇ ಗೊತ್ತಿರುವುದಿಲ್ಲ. ಹಿಂದಿನ ವರ್ಷಗಳಲ್ಲಿ ಒಂದು ಮನೆ ಕರೆದವರಲ್ಲಿ ಎಷ್ಟು ಮಂದಿ ಮರಳಿ ಬಂದರು ಎಂದು ನೋಡಿ, ಆ ಮನೆ ಪ್ರತಿ ಸುತ್ತಿಗೆ ಎಷ್ಟು ಜನರನ್ನು ಕರೆಯಬಹುದೆಂದು ನಿಗದಿ ಮಾಡುತ್ತಾರೆ. ಕರೆದವರೆಲ್ಲ ಬರುವಂಥ ಜನಪ್ರಿಯ ಮನೆ ಮೊದಲ ಸುತ್ತಿನಲ್ಲೇ ಬಹಳಷ್ಟು ಹುಡುಗಿಯರನ್ನು ಬಿಡಲೇಬೇಕು. ಗದ್ದಲದ ಹಾಲ್‌ನಲ್ಲಿ ನಿಂತು ಆಡಿದ ನಾಲ್ಕು ಮಾತಿನಿಂದ ನೀವು ಎಂಥವರೆಂದು ಅವರಿಗೆ ಗೊತ್ತಾಗಿಲ್ಲ, ಗೊತ್ತಾಗುವುದು ಸಾಧ್ಯವೂ ಇಲ್ಲ.

3. ರಶ್‌ನಲ್ಲಿ ನಿಮ್ಮ ಗುಂಪಿಗೆ ನೇಮಿಸಿದ ಕೌನ್ಸೆಲರ್ ಹತ್ತಿರ ಮಾತಾಡಿ. ಹಲವೆಡೆ ಅವರಿಗೆ ‘ರೋ ಗಾಮಾ’ ಅನ್ನುತ್ತಾರೆ; ಈ ಕೆಲಸಕ್ಕಾಗಿ ಕೆಲಕಾಲ ತಮ್ಮ ಸೊರೊರಿಟಿಯಿಂದ ದೂರ ಉಳಿದಿರುವ ಸೀನಿಯರ್‌ಗಳು. ಕೈಬಿಟ್ಟ ಕಾರಣ ಅವರಿಗೂ ಗೊತ್ತಿರದು. ಮುಂದೇನು ಎಂದು ಕೇಳಿ.

4. ಉಳಿದ ಮನೆಗಳಿಗೆ ಮನಸ್ಸಿಟ್ಟು ಹೋಗಿ. ವರ್ಷಕ್ಕೆ ಎಷ್ಟು ಖರ್ಚು, ವಾರಕ್ಕೆ ಎಷ್ಟು ಹೊತ್ತು ಬೇಕು, ಪರೀಕ್ಷೆಯ ದಿನಗಳಲ್ಲಿ ಹೇಗೆ ಎಂದು ನೇರವಾಗಿ ಕೇಳಿ.

5. ಕೊನೆಯ ಸುತ್ತು ‘ಪ್ರಿಫರೆನ್ಸ್’. ಅದಾದ ಮೇಲೆ ಸಹಿ ಹಾಕುವ ಒಪ್ಪಂದವನ್ನು ಪೂರ್ತಿ ಓದಿ. ಅದರಲ್ಲಿ ನೀವು ಬರೆದ ಮನೆಯಿಂದಲೇ ‘ಬಿಡ್’, ಅಂದರೆ ಸೇರುವ ಆಹ್ವಾನ, ಬಂದು ನೀವು ಬೇಡವೆಂದರೆ, ಸೊರೊರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ನ ಬೇರೆ ಯಾವ ಸೊರೊರಿಟಿಗೂ ಮುಂದಿನ ವರ್ಷದ ರಶ್‌ವರೆಗೆ ಆ ಕ್ಯಾಂಪಸ್‌ನಲ್ಲಿ ಸೇರುವಂತಿಲ್ಲ. ಸೇರಲು ಮನಸ್ಸಿರುವ ಮನೆಗಳನ್ನೆಲ್ಲ ಬರೆಯಿರಿ; ಖಂಡಿತ ಬೇಡವೆನಿಸಿದ್ದನ್ನು ಬರೆಯಬೇಡಿ.

6. ಬಿಡ್ ಬರದಿದ್ದರೂ ದಾರಿ ಮುಚ್ಚಿಲ್ಲ. ಜಾಗ ಉಳಿದ ಮನೆಗಳು ಆಮೇಲೂ ಸೇರಿಸಿಕೊಳ್ಳುತ್ತವೆ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರು 1998ರಲ್ಲಿ ಕಟ್ಟಿದ ಡೆಲ್ಟಾ ಫೈ ಒಮೆಗಾ, ಕಪ್ಪಾ ಫೈ ಗಾಮಾದಂಥ ಸೊರೊರಿಟಿಗಳೂ ಇವೆ. ಅವುಗಳ ಆಯ್ಕೆಯ ಕ್ರಮವೇ ಬೇರೆ. ನಿಮ್ಮ ಕ್ಯಾಂಪಸ್‌ನಲ್ಲಿ ಇವೆಯೇ ವಿಚಾರಿಸಿ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮನಸ್ಸಿಟ್ಟ ಸೊರೊರಿಟಿ ಕೈಬಿಟ್ಟ ರಾತ್ರಿ ಮಗಳು ಫೋನ್ ಮಾಡಿದರೆ, ‘ಓದೋಕೆ ಹೋದವಳಿಗೆ ಇದೆಲ್ಲ ಯಾಕೆ ಬೇಕಿತ್ತು’ ಅನ್ನಬೇಡಿ. ಊಟ ಆಯಿತಾ ಎಂದು ಕೇಳಿ. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.